ಮನೆ ಎರಡನೇ ಮಹಡಿ, ಗಾಡಿ ಗೇಟಿನ ಹತ್ರ

ಕಳೆದ ವರ್ಷ ಯುಗಾದಿ ಹೊತ್ತಿಗೆ ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡೋಕೆ ಶೋರೂಮಿಗೆ ಹೋಗಿದ್ದೆ. ಬಣ್ಣ ಆರಿಸಿ ಆಗಿತ್ತು, ಇಎಂಐ ಲೆಕ್ಕ ಮುಗಿದಿತ್ತು. ಫಾರಂ ತುಂಬಿಸ್ತಿದ್ದ ಹುಡುಗ ತಲೆ ಎತ್ತಿ ಕೇಳಿದ, "ಮೇಡಂ, ಮನೆ ಸ್ವಂತದ್ದಾ, ಬಾಡಿಗೇನಾ?"

"ಬಾಡಿಗೆ. ಯಾಕೆ, ಲೋನ್ ಕೊಡಲ್ವಾ?"

"ಲೋನಿಗಲ್ಲ ಮೇಡಂ. ಪಾರ್ಕಿಂಗಲ್ಲಿ ಪಾಯಿಂಟ್ ಇದ್ಯಾ ಅಂತ ಕೇಳಿದೆ."

"ಅದೇನು ದೊಡ್ಡ ವಿಷಯ, ಮೊಬೈಲ್ ಚಾರ್ಜ್ ಮಾಡೋ ಹಾಗೆ ತಾನೇ" ಅಂದೆ. ಅವನು ಸುಮ್ಮನೆ ನಕ್ಕ. ಆ ನಗುವಿನ ಅರ್ಥ ಗೊತ್ತಾಗೋಕೆ ನನಗೆ ಎರಡು ವಾರ ಬೇಕಾಯ್ತು.

ನಮ್ಮದು ವಿಜಯನಗರದ ಒಳಗಿನ ಒಂದು ಕ್ರಾಸ್. ಮೂವತ್ತು-ನಲವತ್ತು ಸೈಟು. ಕೆಳಗೆ ಓನರ್ ಅಂಕಲ್, ಆಂಟಿ. ಮೊದಲ ಮಹಡಿಯಲ್ಲಿ ಎರಡು ಮನೆ, ಎರಡನೇ ಮಹಡಿಯಲ್ಲಿ ಎರಡು ಮನೆ, ಟೆರೇಸಿನ ಮೇಲೆ ಒಂದು ರೂಮು. ಎಲ್ಲ ಸೇರಿ ಹದಿನೈದು ಜನ. ಕೆಳಗಿನ ಪಾರ್ಕಿಂಗಿನಲ್ಲಿ ಓನರ್ ಅಂಕಲ್ ಕಾರು, ಅದರ ಸುತ್ತ ಏಳು ಟೂ ವೀಲರ್. ರಾತ್ರಿ ಒಂಬತ್ತರ ನಂತರ ಬಂದವರು ಹ್ಯಾಂಡಲ್ ಲಾಕ್ ಮಾಡಬಾರದು, ಬೆಳಗ್ಗೆ ಮೊದಲು ಹೋಗುವವರು ಉಳಿದವರ ಗಾಡಿ ಸರಿಸಿಟ್ಟು ಹೋಗಬೇಕು. ಇದು ನಮ್ಮ ಬಿಲ್ಡಿಂಗಿನ ಅಲಿಖಿತ ಕಾನೂನು.

ಗಾಡಿ ಮನೆಗೆ ಬಂತು. ಆಂಟಿ ಆರತಿ ಎತ್ತಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ರಾತ್ರಿ ಚಾರ್ಜರ್ ಹಿಡ್ಕೊಂಡು ಕೆಳಗೆ ಇಳಿದಾಗ ಗೊತ್ತಾಯ್ತು, ನನ್ನ ಮನೆಯ ಪ್ಲಗ್ ಎರಡನೇ ಮಹಡಿಯಲ್ಲಿದೆ, ಗಾಡಿ ಗೇಟಿನ ಹತ್ರ ಇದೆ. ನಡುವೆ ಮೂವತ್ತು ಅಡಿ. ಈ ಸಲದ ಅಂಕಣ ಆ ಮೂವತ್ತು ಅಡಿಯ ಬಗ್ಗೆ.

ಕಿಟಕಿಯಿಂದ ಇಳಿದ ವೈರು

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಎರಡು ಎಕ್ಸ್‌ಟೆನ್ಷನ್ ಬೋರ್ಡ್ ಒಂದಕ್ಕೊಂದು ಸೇರಿಸಿ, ಜಾಯಿಂಟಿಗೆ ಟೇಪ್ ಸುತ್ತಿ, ಹಾಲಿನ ಕಿಟಕಿಯಿಂದ ಕೆಳಗೆ ಇಳಿಬಿಟ್ಟೆ. ನಾಲ್ಕು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಿತ್ತು. ನನ್ನ ಆಫೀಸು ಜಯನಗರದಲ್ಲಿ. ಹೋಗಿಬರೋದು, ಮಧ್ಯೆ ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದು, ಎಲ್ಲ ಸೇರಿದರೂ ದಿನಕ್ಕೆ ಇಪ್ಪತ್ತು ಕಿಲೋಮೀಟರ್.

ಮೂರನೇ ಸಲ ಚಾರ್ಜಿಗೆ ಹಾಕಿದ ರಾತ್ರಿ ಮಳೆ ಬಂತು. ಏಪ್ರಿಲ್ ಮಳೆ ಗೊತ್ತಲ್ಲ, ಹೇಳದೆ ಕೇಳದೆ ಬಂದು ಸುರಿಯುತ್ತೆ. ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದು. ಓನರ್ ಅಂಕಲ್ ಕೊಡೆ ಹಿಡ್ಕೊಂಡು ನಿಂತಿದ್ದರು. ಕೈಯಲ್ಲಿ ನನ್ನ ವೈರು.

"ಏನಮ್ಮಾ ಇದು? ಮುಟ್ಟಿ ನೋಡು, ಜಾಯಿಂಟ್ ಬಿಸಿ ಆಗಿದೆ. ಕೆಳಗೆ ಏಳು ಗಾಡಿ ಪೆಟ್ರೋಲ್ ಇಟ್ಕೊಂಡು ನಿಂತಿವೆ."

ನಾನು ಏನೋ ಹೇಳೋಕೆ ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. "ಈ ವೈರು ಇನ್ನೊಂದು ಸಲ ಕಿಟಕಿಯಿಂದ ಕಾಣಿಸಬಾರದು" ಅಂತ ಹೇಳಿ ಇಳಿದು ಹೋದರು.

ಆ ಕ್ಷಣ ಕೋಪ ಬಂದಿದ್ದು ನಿಜ. ಈಗ ಅನ್ನಿಸುತ್ತೆ, ಅಂಕಲ್ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸ್ಕೂಟರ್ ಚಾರ್ಜರ್ ಎಳೆಯೋ ಕರೆಂಟು ಇಸ್ತ್ರಿಪೆಟ್ಟಿಗೆಗಿಂತ ಕಡಿಮೆಯೇ ಇರಬಹುದು. ಆದರೆ ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಓಡುತ್ತೆ, ಪಕ್ಕದಲ್ಲಿ ನಾವಿರುತ್ತೇವೆ. ಇದು ನಾಲ್ಕೈದು ಗಂಟೆ, ನಾವು ಮಲಗಿರುವಾಗ ಓಡುತ್ತೆ.

ಊರಲ್ಲಿ ಅಣ್ಣನ ಗಾಡಿ

ಅದೇ ವಾರ ತಿಪಟೂರಿನ ಹತ್ರದ ನಮ್ಮ ಊರಿಗೆ ಹೋಗಿದ್ದೆ. ಅಣ್ಣನೂ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದಾನೆ. ತೋಟಕ್ಕೆ ಹೋಗಿಬಂದು ಗಾಡೀನ ಜಗಲಿ ಪಕ್ಕ ನಿಲ್ಲಿಸ್ತಾನೆ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸ್ತಾನೆ, ಕೈಕಾಲು ತೊಳ್ಕೊಂಡು ಊಟಕ್ಕೆ ಕೂರ್ತಾನೆ. ಅಷ್ಟೇ. ಯಾರ ಪರ್ಮಿಷನ್ನೂ ಬೇಡ.

ನನ್ನ ಕಥೆ ಕೇಳಿ ಅಮ್ಮ, "ಬೆಂಗಳೂರಲ್ಲಿ ಎಲ್ಲ ಇದೆ ಅಂತೀರಿ, ಒಂದು ಪ್ಲಗ್ಗಿಗೆ ಗತಿ ಇಲ್ವಾ?" ಅಂದರು.

ಬಸ್ಸಲ್ಲಿ ವಾಪಸ್ ಬರುವಾಗ ಅದೇ ಮಾತು ತಲೆಯಲ್ಲಿ ತಿರುಗ್ತಾ ಇತ್ತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಒಂದು ಚದರ ಕಿಲೋಮೀಟರಿಗೆ 319 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ ಅದೇ ಜಾಗಕ್ಕೆ 4,300ಕ್ಕೂ ಹೆಚ್ಚು. ಅದೂ ಆನೇಕಲ್ ಕಡೆಯ ಹೊಲಗದ್ದೆ, ಕೆರೆ ಎಲ್ಲ ಸೇರಿಸಿದ ಲೆಕ್ಕ. ವಿಜಯನಗರದಂಥ ಬಡಾವಣೆಯನ್ನಷ್ಟೇ ತಗೊಂಡರೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮ ಸೈಟಿನಲ್ಲೇ 1,200 ಚದರ ಅಡಿ ಮೇಲೆ ಹದಿನೈದು ಜನ.

ಎಲೆಕ್ಟ್ರಿಕ್ ಗಾಡಿ ಅಂದ ಕೂಡಲೇ ನಾವು ಅದನ್ನ ಪೇಟೆಯ ಗಾಡಿ ಅಂದ್ಕೋತೀವಿ. ಜಾಹೀರಾತಿನಲ್ಲೂ ಎತ್ತರದ ಬಿಲ್ಡಿಂಗು, ಫ್ಲೈಓವರು. ಆದರೆ ಸುಲಭವಾಗಿ ಚಾರ್ಜ್ ಮಾಡ್ಕೊಂಡು ಓಡಾಡ್ತಿರೋದು ಜಗಲಿ ಇರೋ ನಮ್ಮಣ್ಣ.

ಹಾಗಾದರೆ ಪೇಟೆಗೆ ಇದು ಸರಿ ಇಲ್ವಾ?

ಇದೆ. ಜನ ಒತ್ತೊತ್ತಾಗಿರುವ ಊರಿಗೇ ಇದು ಹೇಳಿ ಮಾಡಿಸಿದ ಗಾಡಿ.

ಒತ್ತೊತ್ತಾಗಿರೋ ಊರಲ್ಲಿ ದೂರ ಕಡಿಮೆ. ಸ್ಕೂಲು, ಆಫೀಸು, ತರಕಾರಿ, ಡಾಕ್ಟರು, ಎಲ್ಲ ಹತ್ತು ಕಿಲೋಮೀಟರ್ ಒಳಗೆ. ಒಂದು ಚಾರ್ಜಿಗೆ ಎಂಬತ್ತು-ತೊಂಬತ್ತು ಕಿಲೋಮೀಟರ್ ಓಡುವ ಗಾಡಿಗೆ ಇದು ಏನೂ ಅಲ್ಲ.

ಇನ್ನು ಟ್ರಾಫಿಕ್ಕು. ಸಿಗ್ನಲ್ಲಲ್ಲಿ ನಿಂತಾಗ ಪೆಟ್ರೋಲ್ ಎಂಜಿನ್ ಸುಮ್ಮನೆ ಎಣ್ಣೆ ಕುಡಿಯುತ್ತೆ. ಎಲೆಕ್ಟ್ರಿಕ್ ಮೋಟಾರು ನಿಂತಾಗ ನಿಂತೇಬಿಡುತ್ತೆ. ಬಹಳಷ್ಟು ಗಾಡಿಗಳಲ್ಲಿ ವೇಗ ಇಳಿಸಿದಾಗ ಚೂರುಪಾರು ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತೆ. ಮಾಗಡಿ ರೋಡಿನ ಸಂಜೆ ಟ್ರಾಫಿಕ್ಕಿಗೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ.

ಹೊಗೆಯ ವಿಷಯವೂ ಅಷ್ಟೇ. ನಮ್ಮಣ್ಣನ ಗಾಡಿ ಹೊಗೆ ಬಿಟ್ಟರೂ ಅದನ್ನ ಕುಡಿಯೋದು ತೆಂಗಿನ ಮರ. ನಮ್ಮ ಕ್ರಾಸಿನಲ್ಲಿ ಬೆಳಗ್ಗೆ ಎಂಟಕ್ಕೆ ಏಳು ಗಾಡಿ ಒಟ್ಟಿಗೆ ಸ್ಟಾರ್ಟ್ ಆದರೆ ಆ ಹೊಗೆ ನೇರ ಮೊದಲ ಮಹಡಿಯ ಬೆಡ್‌ರೂಮಿಗೆ. ಎಲ್ಲಿ ಜನ ಹೆಚ್ಚೋ ಅಲ್ಲಿ ಒಂದೊಂದು ಗಾಡಿ ಬದಲಾದಾಗಲೂ ಲಾಭ ಪಡೆಯೋ ಮೂಗುಗಳು ಹೆಚ್ಚು.

ಅಂದರೆ ಜನದಟ್ಟಣೆ ಒಂದು ಕೈಯಲ್ಲಿ ಕೊಡುತ್ತೆ, ಇನ್ನೊಂದು ಕೈಯಲ್ಲಿ ಕಿತ್ಕೊಳ್ಳುತ್ತೆ. ಓಡಿಸೋಕೆ ಅನುಕೂಲ ಮಾಡಿಕೊಟ್ಟು ನಿಲ್ಲಿಸೋಕೆ ತೊಂದರೆ ಕೊಡುತ್ತೆ. ತೊಂದರೆ ಇರೋದು ಚದರ ಕಿಲೋಮೀಟರಿಗೆ ಎಷ್ಟು ಜನ ಅನ್ನೋದರಲ್ಲಿ ಅಲ್ಲ, ರಾತ್ರಿ ಗಾಡಿ ನಿಲ್ಲೋ ಜಾಗಕ್ಕೂ ನಮ್ಮ ಮೀಟರಿಗೂ ಸಂಬಂಧ ಇದ್ಯಾ ಇಲ್ವಾ ಅನ್ನೋದರಲ್ಲಿ.

ಇಲ್ಲಿ ಹುಟ್ಟಿ ಲಂಡನ್ನಿಗೆ ಹೋದ ಕಾರು

ಇದು ಹೊಸ ಸಮಸ್ಯೆಯೂ ಅಲ್ಲ. ನಿಮ್ಮಲ್ಲಿ ಕೆಲವರಿಗೆ 'ರೇವಾ' ನೆನಪಿರಬಹುದು. ಚೇತನ್ ಮೈನಿ ಅವರ ಕಂಪನಿ ಬೆಂಗಳೂರಲ್ಲೇ ತಯಾರಿಸಿ 2001ರಲ್ಲಿ ಮಾರುಕಟ್ಟೆಗೆ ತಂದ ಪುಟಾಣಿ ಎಲೆಕ್ಟ್ರಿಕ್ ಕಾರು. ಆಟದ ಸಾಮಾನಿನ ಹಾಗಿತ್ತು. ಇಲ್ಲಿ ರಸ್ತೆಯಲ್ಲಿ ಕಂಡರೆ ಮಕ್ಕಳು ಕೈತೋರಿಸಿ ನಗೋರು.

ಅದೇ ಕಾರು 'ಜಿ-ವಿಜ್' ಅನ್ನೋ ಹೆಸರಲ್ಲಿ ಲಂಡನ್ನಿಗೆ ಹೋಗಿ ಹೆಸರು ಮಾಡಿತು. 2003ರಲ್ಲಿ ಲಂಡನ್ ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ದಟ್ಟಣೆ ಶುಲ್ಕ ಹಾಕಿದರು. ಎಲೆಕ್ಟ್ರಿಕ್ ಗಾಡಿಗೆ ಆಗ ಅದರಿಂದ ವಿನಾಯಿತಿ ಇತ್ತು. ಇಕ್ಕಟ್ಟಾದ ಊರಲ್ಲಿ ಪುಟ್ಟ ಕಾರಿಗೆ ಬೆಲೆ ಬಂತು. ಅಲ್ಲೂ ಸಾಲುಮನೆಗಳು ಜಾಸ್ತಿ, ಎಷ್ಟೋ ಮನೆಗಳಿಗೆ ಸ್ವಂತ ಪಾರ್ಕಿಂಗ್ ಇಲ್ಲ, ಕಾರು ರಸ್ತೆಯಲ್ಲೇ ನಿಲ್ಲುತ್ತೆ. ಅದಕ್ಕೆ ಈಗ ಅಲ್ಲಿ ಬೀದಿದೀಪದ ಕಂಬಕ್ಕೇ ಚಾರ್ಜಿಂಗ್ ಸಾಕೆಟ್ ಕೂರಿಸಿದ್ದಾರೆ.

ಹಾಂಗ್‌ಕಾಂಗ್ ನೋಡಿ. ನಮಗಿಂತ ಒತ್ತೊತ್ತಾದ ಊರು, ಆಕಾಶ ಮುಟ್ಟೋ ಅಪಾರ್ಟ್‌ಮೆಂಟುಗಳು, ಜಗಲಿ ಅನ್ನೋ ಮಾತೇ ಇಲ್ಲ. ಆದರೂ 2023ರಲ್ಲಿ ಅಲ್ಲಿ ಹೊಸದಾಗಿ ನೋಂದಣಿಯಾದ ಖಾಸಗಿ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆಕ್ಟ್ರಿಕ್. ಹೇಗೆ? ತೆರಿಗೆ ರಿಯಾಯಿತಿ ಒಂದು ಕಾರಣ. ಇನ್ನೊಂದು, 2020ರಲ್ಲಿ ಅಲ್ಲಿನ ಸರ್ಕಾರ ಹಳೆ ವಸತಿ ಕಟ್ಟಡಗಳ ಪಾರ್ಕಿಂಗಿಗೆ ಚಾರ್ಜಿಂಗ್ ವೈರಿಂಗ್ ಎಳೆಯೋಕೆ ಸಹಾಯಧನದ ಯೋಜನೆ ಶುರು ಮಾಡಿತು. ಒಬ್ಬೊಬ್ಬರಿಗೆ ಪ್ರತ್ಯೇಕ ವೈರು ಎಳೆಯೋ ಬದಲು ಇಡೀ ಪಾರ್ಕಿಂಗಿಗೆ ಒಂದೇ ಸಲ ವ್ಯವಸ್ಥೆ. ಜನ ಒಂದೇ ಕಡೆ ಇರೋದರ ಅನುಕೂಲ ಇದೇ.

ಹದಿನೆಂಟು ರೂಪಾಯಿ ಜಗಳ

ಮತ್ತೆ ನಮ್ಮ ಬಿಲ್ಡಿಂಗಿಗೆ ಬರ್ತೀನಿ. ಊರಿಂದ ಬಂದ ಮೇಲೆ ನನ್ನ ಗಂಡ ಒಂದು ಉಪಾಯ ಹೇಳಿದರು. ನೀರಿನ ಮೋಟಾರಿನ ಪಕ್ಕ ಒಂದು ಪ್ಲಗ್ ಇದೆಯಲ್ಲ, ಅದಕ್ಕೆ ಸಿಕ್ಕಿಸಿದರಾಯ್ತು. ಸಿಕ್ಕಿಸಿದೆ. ಎರಡು ತಿಂಗಳು ಯಾರೂ ಏನೂ ಅನ್ನಲಿಲ್ಲ.

ಮೂರನೇ ತಿಂಗಳು ಮೊದಲ ಮಹಡಿ ಆಂಟಿ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದರು. "ಮೋಟಾರು, ಮೆಟ್ಟಿಲ ಲೈಟು, ಇದರ ಬಿಲ್ಲನ್ನ ಆರು ಮನೆಯವರು ಹಂಚ್ಕೊಳ್ತೀವಿ. ನಿನ್ನ ಗಾಡಿ ಅದೇ ಮೀಟರಲ್ಲಿ ಕುಡೀತಿದೆ. ಇದು ಸರೀನಾ?"

ನಾನು ಫೋನ್ ತೆಗೆದು ಲೆಕ್ಕ ಹಾಕಿ ತೋರಿಸಿದೆ. ತಿಂಗಳಿಗೆ 500 ಕಿಲೋಮೀಟರ್ ಓಡಿಸ್ತೀನಿ. ನೂರು ಕಿಲೋಮೀಟರಿಗೆ ಮೂರೂವರೆ ಯೂನಿಟ್ ಅಂದ್ರೂ ಹದಿನೇಳೂವರೆ, ಹದಿನೆಂಟು ಅಂತಲೇ ಇಟ್ಕೊಳ್ಳಿ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ನೂರಾ ಎಂಟು ರೂಪಾಯಿ. ಆರು ಮನೆಗೆ ಹಂಚಿದರೆ ಮನೆಗೆ ಹದಿನೆಂಟು ರೂಪಾಯಿ. "ಆಂಟಿ, ಹದಿನೆಂಟು ರೂಪಾಯಿಗೆ ಇಷ್ಟು ಮಾತಾ?" ಅಂದುಬಿಟ್ಟೆ.

ಆಂಟಿ ಮುಖ ಕೆಂಪಾಯ್ತು. "ಹದಿನೆಂಟು ರೂಪಾಯಿ ಅಲ್ಲಮ್ಮ, ಕೇಳಬೇಕಿತ್ತು ನೀನು."

ವಿಷಯ ಓನರ್ ಅಂಕಲ್ ತನಕ ಹೋಯ್ತು. ಅವರು ಮೊದಲೇ ಬೇಸತ್ತಿದ್ದರು. "ನೋಡಮ್ಮ, ಆರು ಮನೆ ಸಮಾಧಾನವಾಗಿರಬೇಕು ನಂಗೆ. ಗಾಡಿ ಬೇಕಾ, ಮನೆ ಬೇಕಾ, ನೀವಿಬ್ರೂ ಮಾತಾಡ್ಕೊಂಡು ಹೇಳಿ" ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳ ಸ್ಕೂಲು ನಡೆದು ಹೋಗುವಷ್ಟು ಹತ್ರ. ಹೊಸ ಮನೆ ಅಂದ್ರೆ ಹೊಸ ಅಡ್ವಾನ್ಸು, ಪೇಂಟಿಂಗ್ ದುಡ್ಡು ಕಡಿತ, ಸಾಮಾನು ಸಾಗಿಸೋ ಖರ್ಚು. ಗಾಡಿ ಮಾರೋಣ ಅಂದ್ರೆ ಇನ್ನೂ ಮೂವತ್ತು ಕಂತು ಬಾಕಿ. ಪೆಟ್ರೋಲ್ ಸ್ಕೂಟರ್ ಇದ್ದಾಗ ತಿಂಗಳಿಗೆ ಸಾವಿರದ ಮೇಲೆ ಪೆಟ್ರೋಲಿಗೇ ಹೋಗ್ತಿತ್ತು. ಆ ದುಡ್ಡನ್ನ ಇಎಂಐಗೆ ಜೋಡಿಸ್ಕೊಂಡೇ ಈ ಗಾಡಿ ತಗೊಂಡಿದ್ದು. ಗಂಡ, "ಮಾರಿಬಿಡೋಣ ಬಿಡು" ಅಂತ ಆ ಕಡೆ ತಿರುಗಿ ಮಲಗಿದರು.

ಟೆರೇಸಿನ ಹುಡುಗನ ಬ್ಯಾಟರಿ

ಮರುದಿನ ಟೆರೇಸಿನಲ್ಲಿ ಬಟ್ಟೆ ಒಣಗಿಸ್ತಾ ಇದ್ದೆ. ರೂಮಿನ ಹುಡುಗ ರಾಯಚೂರಿನವನು, ಡೆಲಿವರಿ ಕೆಲಸ. ಅವನದೂ ಎಲೆಕ್ಟ್ರಿಕ್ ಗಾಡಿಯೇ, ಬಾಡಿಗೆಯದು. ಇವನು ಎಲ್ಲಿ ಚಾರ್ಜ್ ಮಾಡ್ತಾನೆ ಅನ್ನೋದು ನನಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ.

"ನಮಗ ಪ್ಲಗ್ಗಿನ ಚಿಂತಿನೇ ಇಲ್ರೀ ಅಕ್ಕಾ. ಬ್ಯಾಟರಿ ಖಾಲಿ ಆತಂದ್ರ ಮೇನ್ ರೋಡಿನ ಅಂಗಡಿ ಮುಂದ ಒಂದು ಕಪಾಟ ಐತಿ. ಖಾಲೀದು ಅದ್ರಾಗ ಇಡ್ತೀನಿ, ತುಂಬಿದ್ದು ತಗೋತೀನಿ. ಎರಡು ನಿಮಿಷದ ಕೆಲಸ."

ಇದಕ್ಕೆ ಬ್ಯಾಟರಿ ಸ್ವಾಪಿಂಗ್ ಅಂತಾರೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ಹಾಗೆ. ತೈವಾನಿನಲ್ಲಿ ಗೊಗೊರೋ ಅನ್ನೋ ಕಂಪನಿ ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದೆ. ಅಲ್ಲೂ ನಮ್ಮ ಹಾಗೇ ಸ್ಕೂಟರುಗಳ ಜಾತ್ರೆ, ಮನೆಗಳೂ ಇಕ್ಕಟ್ಟು. ನಮ್ಮಲ್ಲಿ ಬೆಂಗಳೂರಿನದೇ ಆದ ಸನ್ ಮೊಬಿಲಿಟಿ ಇದೇ ಕೆಲಸ ಮಾಡ್ತಿದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಕಪಾಟು ನಮ್ಮ ಮೇನ್ ರೋಡಲ್ಲಿ ಇರೋದಕ್ಕೆ ಕಾರಣವೇ ಜನದಟ್ಟಣೆ. ದಿನವಿಡೀ ನೂರಾರು ಡೆಲಿವರಿ ಹುಡುಗರು ಓಡಾಡೋ ಕಡೆ ಅದು ನಡೆಯುತ್ತೆ. ನಮ್ಮಣ್ಣನ ಊರಲ್ಲಿ ಇಟ್ಟರೆ ವಾರಕ್ಕೊಬ್ಬ ಬರ್ತಾನೆ. ರಸ್ತೆ ಬದಿಯ ಫಾಸ್ಟ್ ಚಾರ್ಜರಿಗೂ ಇದೇ ಲೆಕ್ಕ. ಸ್ವಂತ ಪ್ಲಗ್ ಇಲ್ಲದ ಕಡೆ ಹಂಚಿಕೊಳ್ಳೋ ಪ್ಲಗ್ಗಿಗೆ ಗಿರಾಕಿ ಜಾಸ್ತಿ.

ಆದರೆ ನನ್ನ ಗಾಡಿಯ ಬ್ಯಾಟರಿ ಹೊರಗೆ ಬರೋದಿಲ್ಲ. ರಸ್ತೆ ಬದಿ ಚಾರ್ಜರಿನಲ್ಲಿ ಯೂನಿಟ್ಟಿಗೆ ಮನೆಗಿಂತ ಜಾಸ್ತಿ ಬೀಳುತ್ತೆ, ಅದರ ಮೇಲೆ ಜಿಎಸ್‌ಟಿ. ಮಗಳನ್ನ ಕೂರಿಸ್ಕೊಂಡು ಅಲ್ಲಿ ಕಾಯೋಕೂ ಆಗಲ್ಲ. ನನಗೆ ಬೇಕಾಗಿದ್ದು ರಾತ್ರಿ ಹೊತ್ತಿನ ಸಾಧಾರಣ ಪ್ಲಗ್.

ಉತ್ತರ ಗೋಡೆ ಮೇಲೇ ಇತ್ತು

ಕಣ್ಣು ತೆರೆಸಿದವರು ನೀರಿನ ಮೋಟಾರ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್. ನನ್ನ ಗೋಳು ಕೇಳಿ, "ಅಕ್ಕ, ನಿಮ್ಮ ಮನೆ ಮೀಟರ್ ಎಲ್ಲಿದೆ?" ಅಂದರು.

ಎಲ್ಲಿದೆ? ಪಾರ್ಕಿಂಗಲ್ಲಿ! ಗೇಟು ದಾಟಿದ ಕೂಡಲೇ ಗೋಡೆ ಮೇಲೆ ಸಾಲಾಗಿ ಏಳು ಮೀಟರು. ತಿಂಗಳು ತಿಂಗಳು ರೀಡಿಂಗಿನವರು ಬಂದು ನೋಡೋದು ಅಲ್ಲೇ. ನನ್ನ ಗಾಡಿ ನಿಲ್ಲೋ ಜಾಗದಿಂದ ಆರು ಅಡಿ. ಕರೆಂಟು ಮೊದಲು ಆ ಮೀಟರಿಗೆ ಬಂದು, ಅಲ್ಲಿಂದ ಎರಡನೇ ಮಹಡಿಗೆ ಹತ್ತುತ್ತೆ. ನಾನು ಅದನ್ನ ಮೇಲಿಂದ ಮತ್ತೆ ಕಿಟಕಿಯಲ್ಲಿ ಕೆಳಗೆ ಇಳಿಸ್ತಿದ್ದೆ!

ಬೆಂಗಳೂರಿನ ಬಹಳಷ್ಟು ಬಾಡಿಗೆ ಬಿಲ್ಡಿಂಗುಗಳಲ್ಲಿ ಮೀಟರ್ ಬೋರ್ಡು ಇರೋದು ಹೀಗೇ, ಕೆಳಗೆ, ಪಾರ್ಕಿಂಗ್ ಪಕ್ಕ. ನಿಮ್ಮಲ್ಲೂ ಒಮ್ಮೆ ನೋಡಿ.

ಆ ಭಾನುವಾರ ಹಣ್ಣು ತಗೊಂಡು ಮೊದಲು ಮೊದಲ ಮಹಡಿ ಆಂಟಿ ಹತ್ರ ಹೋದೆ. "ನೀವು ಹೇಳಿದ್ದು ಸರಿ ಆಂಟಿ, ಕೇಳಬೇಕಿತ್ತು" ಅಂದೆ. ಎರಡು ತಿಂಗಳ ಕರೆಂಟಿನ ದುಡ್ಡು ಕಾಮನ್ ಬಿಲ್ಲಿಗೆ ಹಾಕಿದೆ. ಆಂಟಿ ಕಾಫಿ ಕೊಟ್ಟರು.

ಆಮೇಲೆ ಓನರ್ ಅಂಕಲ್. ಅವರಿಗೆ ಮೂರು ಅನುಮಾನ ಇದ್ದವು. ಮೂರೂ ನ್ಯಾಯವಾದವೇ.

ಮೊದಲನೇದು ಬೆಂಕಿ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿ ಅವರು ಟಿವಿಯಲ್ಲಿ ನೋಡಿದ್ದರು. ಅದಾದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮಗಳನ್ನ ಬಿಗಿ ಮಾಡಿ, 2022ರ ಡಿಸೆಂಬರಿನಿಂದ ಎರಡು ಹಂತದಲ್ಲಿ ಜಾರಿಗೆ ತಂದಿದ್ದನ್ನ ಹೇಳಿದೆ. ಮುಖ್ಯವಾಗಿ, ಎಕ್ಸ್‌ಟೆನ್ಷನ್ ವೈರು ಇರಲ್ಲ. ಪ್ರತ್ಯೇಕ ಎಂಸಿಬಿ, ಶಾಕ್ ಹೊಡೆಯದ ಹಾಗೆ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ದಪ್ಪ ತಾಮ್ರದ ವೈರು, 16 ಆಂಪಿಯರ್ ಸಾಕೆಟ್, ಅದಕ್ಕೊಂದು ಬೀಗ ಹಾಕೋ ಡಬ್ಬ.

ಎರಡನೇದು ಗೃಹಜ್ಯೋತಿ. "ನಿಮ್ಮ ಗಾಡಿಯಿಂದ ಫ್ರೀ ಕರೆಂಟ್ ಹೋಗಿಬಿಟ್ರೆ?" ಹಳೆಯ ಬಳಕೆಯ ಸರಾಸರಿ ಮೇಲೆ ಒಂದಿಷ್ಟು ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಕೊಟ್ಟಿದ್ದಾರೆ. ಅದು ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ನಮ್ಮ ಮನೆ ಖರ್ಚು ತಿಂಗಳಿಗೆ ಎಪ್ಪತ್ತು-ಎಂಬತ್ತು ಯೂನಿಟ್. ಇನ್ನೊಂದು ಹದಿನೆಂಟು ಸೇರಿದರೆ 200ರ ಹತ್ತಿರಕ್ಕೂ ಹೋಗಲ್ಲ. ಜಾಸ್ತಿ ಆದದ್ದಕ್ಕೆ ನಾವೇ ಕಟ್ತೀವಿ, ನಮ್ಮ ಮೀಟರೇ ಅಲ್ವಾ. ಎಸಿ, ಗೀಸರ್ ಜೋರಾಗಿ ಓಡಿಸೋ ಮನೆಯವರು ಮಾತ್ರ ಈ ಲೆಕ್ಕ ಮೊದಲೇ ಹಾಕ್ಕೊಳ್ಳಿ.

ಮೂರನೇದು ಕಾನೂನು. "ಮನೆ ಮೀಟರಲ್ಲಿ ಗಾಡಿ ಚಾರ್ಜ್ ಮಾಡಿದ್ರೆ ಯಾರಾದ್ರೂ ದಂಡ ಹಾಕ್ತಾರಾ?" ಇಲ್ಲ. ಮನೆ ಅಥವಾ ಆಫೀಸಿನಲ್ಲಿ ಈಗಿರುವ ಸಂಪರ್ಕದಿಂದಲೇ ಗಾಡಿ ಚಾರ್ಜ್ ಮಾಡ್ಕೋಬಹುದು ಅಂತ ಕೇಂದ್ರ ಇಂಧನ ಸಚಿವಾಲಯ 2022ರ ಮಾರ್ಗಸೂಚಿಯಲ್ಲಿ ಹೇಳಿದೆ.

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡ್ರಿಲ್ ಹೊಡೆದ ಗೋಡೆಗೆ ಸುಣ್ಣ ನೀವೇ ಹೊಡೆಸಬೇಕು" ಅಂದರು. ಒಪ್ಪಿಗೆ ಅಂತ ಅರ್ಥ! ಎಲ್ಲ ಸೇರಿ ಮೂರು ಸಾವಿರದ ಚಿಲ್ಲರೆ ಆಯ್ತು. ಮೂರು ತಿಂಗಳ ಪೆಟ್ರೋಲ್ ದುಡ್ಡು.

ಅಪಾರ್ಟ್‌ಮೆಂಟಿನವರಿಗೆ ಎರಡು ಮಾತು

ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿರೋ ನನ್ನ ಗೆಳತಿಗೆ ಇದೇ ಜಗಳ, ಆದರೆ ಕಾರಿನದು. ಅಸೋಸಿಯೇಷನ್ ಮೀಟಿಂಗಲ್ಲಿ ಪ್ರತಿ ಸಲವೂ "ಲೋಡ್ ತಡ್ಕೊಳ್ಳಲ್ಲ" ಅನ್ನೋ ಉತ್ತರ.

ಅದರಲ್ಲಿ ಅರ್ಧ ಸತ್ಯ ಇದೆ. ನಲವತ್ತು ಕಾರು ರಾತ್ರಿ ಹತ್ತಕ್ಕೆ ಒಟ್ಟಿಗೆ 7 ಕಿಲೋವ್ಯಾಟ್ ಎಳೆದರೆ 280 ಕಿಲೋವ್ಯಾಟ್. ಟ್ರಾನ್ಸ್‌ಫಾರ್ಮರ್ ಕೈಯೆತ್ತುತ್ತೆ. ಆದರೆ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡೋ ಕಾರಿಗೆ ಬೇಕಾಗೋದು ಐದು ಯೂನಿಟ್ ಆಸುಪಾಸು. ಸಣ್ಣ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಒಂದೂವರೆ ಗಂಟೆಯ ಕೆಲಸ. ರಾತ್ರಿಯಲ್ಲಿ ಎಂಟು ಗಂಟೆ ಇದೆ. ಸರದಿ ಮೇಲೆ ಓಡೋ ಹಾಗೆ ವ್ಯವಸ್ಥೆ ಮಾಡಿದರೆ ಅದೇ ಟ್ರಾನ್ಸ್‌ಫಾರ್ಮರ್ ಸಾಕಾಗಬಹುದು. ನೀರಿನ ಟ್ಯಾಂಕರ್ ಬಂದಾಗ ನಾವು ಸರದಿ ನಿಲ್ಲಲ್ವಾ, ಹಾಗೇ.

ನಿಯಮವೂ ನಿಮ್ಮ ಕಡೆಗಿದೆ. 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂತು. ಗಾಡಿ ಚಾರ್ಜಿಂಗಿಗೆ ಅಂತಲೇ ಪ್ರತ್ಯೇಕ ಸಂಪರ್ಕ ಕೇಳಿ ಪಡೆಯಬಹುದು. ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಶೇ 20ರಷ್ಟು ವಾಹನಗಳಿಗೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು ಅಂತ ಕೇಂದ್ರದ ಮಾದರಿ ಕಟ್ಟಡ ನಿಯಮ 2019ರಲ್ಲೇ ಹೇಳಿದೆ. ಫ್ಲ್ಯಾಟ್ ಬುಕ್ ಮಾಡೋಕೆ ಹೋದಾಗ ಜಿಮ್ಮು, ಸ್ವಿಮ್ಮಿಂಗ್ ಪೂಲು ಕೇಳೋ ಜೊತೆಗೆ ಇದನ್ನೂ ಕೇಳಿ. ಕಟ್ಟುವಾಗಲೇ ಪೈಪು ಹಾಕಿಬಿಟ್ಟರೆ ಸುಲಭ, ಆಮೇಲೆ ಗೋಡೆ ಒಡೆಯೋದು ಕಷ್ಟ.

ಎಲೆಕ್ಟ್ರಿಕ್ ವಾಹನಗಳಿಗೆ ಅಂತಲೇ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಗಾಡಿ ಕೊಳ್ಳೋಕೆ ಸಬ್ಸಿಡಿ, ಹೆದ್ದಾರಿಯಲ್ಲಿ ಚಾರ್ಜರ್, ಎಲ್ಲ ಚರ್ಚೆ ಆಗುತ್ತೆ. ಬಾಡಿಗೆ ಮನೆಯ ಪಾರ್ಕಿಂಗ್ ಪ್ಲಗ್ಗಿನ ಬಗ್ಗೆ ಯಾರೂ ಮಾತಾಡಲ್ಲ. ಈ ಊರಲ್ಲಿ ದುಡಿಯೋ ವಯಸ್ಸಿನ ನಮ್ಮಂಥವರು ಎಷ್ಟೋ ಜನ ಇರೋದು ಅಂಥ ಮನೆಗಳಲ್ಲೇ. ಹನ್ನೊಂದು ತಿಂಗಳ ಅಗ್ರಿಮೆಂಟಲ್ಲಿ ಗೋಡೆಗೆ ಮೊಳೆ ಹೊಡೀಬಾರದು ಅಂತ ಬರೀತಾರೆ. ಅದರ ಜೊತೆ ಚಾರ್ಜಿಂಗ್ ಪಾಯಿಂಟಿನ ಒಂದು ಸಾಲೂ ಸೇರಲಿ.

ಗಾಡಿ ತಗೊಳ್ಳೋ ಯೋಚನೆ ಇದ್ದರೆ ಇವತ್ತೇ ಕೆಳಗೆ ಇಳಿದು ನೋಡಿ. ನಿಮ್ಮ ಮೀಟರ್ ಎಲ್ಲಿದೆ, ಗಾಡಿ ಎಲ್ಲಿ ನಿಲ್ಲುತ್ತೆ, ನಡುವೆ ಎಷ್ಟು ಅಡಿ. ಆಮೇಲೆ ಓನರ್ ಹತ್ರ ಮಾತಾಡಿ, ಅಕ್ಕಪಕ್ಕದವರ ಹತ್ರನೂ. ಶೋರೂಮಿಗೆ ಹೋಗೋದು ಕೊನೇಗೆ. ನಾನು ಇದನ್ನ ತಲೆಕೆಳಗಾಗಿ ಮಾಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು.

ಮೊದಲ ಮಹಡಿ ಆಂಟಿ ಮಗ ಈಗ ಎಲೆಕ್ಟ್ರಿಕ್ ಬೈಕ್ ನೋಡ್ತಿದ್ದಾನೆ. ಮೊನ್ನೆ ಆಂಟಿ ನನ್ನ ಡಬ್ಬದ ಮುಂದೆ ನಿಂತು, "ಇದರ ಪಕ್ಕ ಇನ್ನೊಂದಕ್ಕೆ ಜಾಗ ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ.

ಹೋದ ವಾರ ನಮ್ಮ ಎದುರು ಮನೆಯವರು ಖಾಲಿ ಮಾಡಿದರು. ಓನರ್ ಅಂಕಲ್ ಗೇಟಿಗೆ 'ಟು ಲೆಟ್' ಬೋರ್ಡು ಕಟ್ಟಿದ್ದಾರೆ. ಕಾವೇರಿ ನೀರು, ಬೋರ್‌ವೆಲ್, ಟೂ ವೀಲರ್ ಪಾರ್ಕಿಂಗ್ ಅಂತ ಮೂರು ಸಾಲು. ಅದರ ಕೆಳಗೆ ಅವರದೇ ಕೈಬರಹದಲ್ಲಿ ಇನ್ನೊಂದು: ಕರೆಂಟ್ ಗಾಡಿಗೆ ಪಾಯಿಂಟ್ ಇದೆ.